ನಮ್ಮ ಮನೆಯ ಮೂವರು ಭಾಷಣಕಾರರು

ಸಾಕ್ಷಿ ಹೇಳುವವನು ಮೊದಲು ತಾನು ಎಲ್ಲಿ ನಿಂತಿದ್ದೆ, ಕೈಯಲ್ಲಿ ಏನಿತ್ತು ಎಂಬುದನ್ನು ಹೇಳಿಬಿಡಬೇಕು. ಉಳಿದವರ ತಪ್ಪು ಆಮೇಲೆ. ನಾನು ಗಡಿಯಾಚೆಯ ಮರಾಠಿ ಸೀಮೆಯಲ್ಲಿ, ಜತ್ತದ ತಹಶೀಲ ಕಚೇರಿಯ ಎದುರು, ತಗಡಿನ ನೆರಳಿನಲ್ಲಿ ಕುಳಿತು ಇಪ್ಪತ್ತೇಳು ವರ್ಷಗಳಿಂದ ಜನರ ದಸ್ತಾವೇಜು ಬರೆಯುತ್ತ ಬಂದವನು. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ ಎಂದು ಬರೆಯದೆ ನನಗೆ ಒಂದು ವಾಕ್ಯವೂ ಮುಂದೆ ಹೋಗುವುದಿಲ್ಲ. ಆದ್ದರಿಂದ ಬರೆದುಕೊಡುತ್ತೇನೆ: ಕಳೆದ ಸೋಮವಾರ ಮುಂಜಾನೆ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ನಾನು ನಮ್ಮ ಪಡಸಾಲೆಯ ಪೂರ್ವದ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಬಲಗೈಯಲ್ಲಿ ಫೋನು, ಎಡಗೈಯಲ್ಲಿ ಒಂದು ಬೆಳ್ಳಿ ಬಟ್ಟಲು. ಅಂದಿನಿಂದ ಮನೆಯಲ್ಲಿ ಯಾವ ಡಬ್ಬಿ "ಟುಂಯ್" ಅಂದರೂ ಈಗಲೂ ಬೆಚ್ಚಿಬೀಳುತ್ತೇನೆ. ಆದರೂ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಅಂದು ನನ್ನ ತಮ್ಮ ಮಲ್ಲೂನ ಗಂಡುಮಗುವಿಗೆ ಹೆಸರಿಡುವ ಕಾರ್ಯ. ನಮ್ಮಲ್ಲಿ ಹೆಸರಿಡುವವಳು ಸೋದರತ್ತೆ, ಅಂದರೆ ಕೂಸಿನ ಅಪ್ಪನ ಅಕ್ಕ ಇಲ್ಲವೆ ತಂಗಿ. ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ "ಕುರ್ರ್" ಅಂತ ಸದ್ದು ಮಾಡಿ, ಮೊಟ್ಟಮೊದಲು ಆ ಹೆಸರನ್ನು ಅವಳೇ ಉಸುರಬೇಕು. ಅಲ್ಲಿಯವರೆಗೆ ಹೆಸರು ಹಡೆದ ತಾಯಿಗೂ ಗೊತ್ತಿರಬಾರದು. ನಮಗೆ ಇರುವವಳು ಒಬ್ಬಳೇ ಅಕ್ಕ, ಪಾರ್ವತಕ್ಕ. ವಳಸಂಗಕ್ಕೆ ಕೊಟ್ಟಿದ್ದೇವೆ. ಆಕೆಯ ದುರ್ದೈವ ನೋಡಿ: ನನ್ನ ಮಗಳ ಹೆಸರಿಡುವ ದಿನ ಆಕೆ ಬಂದ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಮುಹೂರ್ತ ಮೀರುತ್ತದೆಂದು ನನ್ನ ಹೆಂಡತಿಯ ತಂಗಿ ಹೆಸರಿಟ್ಟಳು. ಮಲ್ಲೂನ ಮೊದಲ ಮಗಳ ಸಲ ಅಕ್ಕನ ಕಾಲು ಮುರಿದು ಪ್ಲಾಸ್ಟರಿನಲ್ಲಿತ್ತು. ಈಗ ಇದು ನಮ್ಮ ಮನೆಯ ಕೊನೆಯ ಕೂಸು. ಹಾಗೆಂದು ಮಲ್ಲೂ ಮತ್ತು ಅವನ ಹೆಂಡತಿ ಇಬ್ಬರೂ ನಿಚ್ಚಳವಾಗಿ ಸಾರಿಬಿಟ್ಟಿದ್ದಾರೆ. ಅಕ್ಕ ಫೋನಿನಲ್ಲಿ ನನಗೆ ಹೇಳಿದ ಮಾತು ಇದು: "ತಮ್ಮಾ, ಇದೊಂದ ಉಳದೈತಿ ನನ್ನ ಪಾಲಿಗೆ. ಇದೂ ತಪ್ಪಿತಂದ್ರ ನಾ ನಿಮ್ಮ ಮನಿಗೆ ಸೋದರತ್ತಿ ಆಗಿದ್ದು ಯಾತಕ್ಕ?"

ಇಷ್ಟು ಹೇಳಿ ಆಕೆ ಹೆಸರನ್ನೂ ಹೇಳಿದಳು. ಬೇರೆ ದಾರಿ ಇರಲಿಲ್ಲ. ಬೆಳ್ಳಿ ಬಟ್ಟಲಿನ ಮೇಲೆ ಆ ಹೆಸರು ಕೊರೆಸಿ, ಕಾರ್ಯ ಮುಗಿದ ಮೇಲೆ ಎಲ್ಲರಿಗೂ ತೋರಿಸಬೇಕೆಂಬುದು ಅವಳ ಆಸೆ. ಕೊರೆಯುವವನು ಇರುವುದು ಜತ್ತದಲ್ಲಿ. ಜತ್ತದಲ್ಲಿ ಅವಳಿಗೆ ಇರುವವನು ನಾನು. "ಅಕ್ಷರ ಕನ್ನಡದಾಗ ಇರಲಿ. ಮತ್ತ ಬಾಯಿ ಬಿಟ್ಟಿ ನೋಡು!" ಎಂದಳು. ನಾನು ಬಾಯಿ ಬಿಡಲಿಲ್ಲ. ಈ ಒಂದು ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ನನ್ನ ಬಾಯಿಂದ ಆ ಹೆಸರು ಹೊರಬಿದ್ದೇ ಇಲ್ಲ.

ಕಾರ್ಯಕ್ಕೆ ನಾಲ್ಕು ದಿನ ಮೊದಲು ಮಲ್ಲೂ ಒಂದು ಪೆಟ್ಟಿಗೆ ತಂದ. ಅವನಿಗೆ ಔಷಧದ ಅಂಗಡಿ ಇದೆ. ಹೊಸದಾಗಿ ಏನು ಬಂದರೂ ಮೊದಲ ಡೋಸು ನಮ್ಮ ಮನೆಗೇ. ಪೆಟ್ಟಿಗೆಯಲ್ಲಿ ತೆಂಗಿನಕಾಯಿ ಗಾತ್ರದ ಮೂರು ಸ್ಪೀಕರುಗಳು, ವಾಯರೇ ಇಲ್ಲದವು. ಪಡಸಾಲೆಯಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು, ತೊಟ್ಟಿಲು ಕಟ್ಟುವ ಖೋಲಿಯಲ್ಲಿ ಒಂದು. ಫೋನಿನಲ್ಲಿ ಒಂದು ಆ್ಯಪು. ಒಂದು ಕಡೆ ಒತ್ತಿದರೆ ಮೂರೂ ಖೋಲಿಯಲ್ಲಿ ಒಂದೇ ಸಲ ಒಂದೇ ಜೋಗುಳ. "ಅಣ್ಣಾ, ಒಳಗ ಕುಂತವ್ರಿಗೂ ಕೇಳಸ್ತೈತಿ, ರೊಟ್ಟಿ ಬಡಿಯವ್ರಿಗೂ ಕೇಳಸ್ತೈತಿ" ಎಂದ. ಸುದ್ದಿ ತಿಳಿದ ಅಕ್ಕ ವಳಸಂಗದಿಂದಲೇ ಕೇಳಿದಳು, "ಯಾಕ, ತೊಟ್ಟಿಲ ಪದ ಹಾಡವ್ರು ನಾವೇನ ಸತ್ತೀವೇನು?" ಪಕ್ಕದ ಮನೆಯ ದಸ್ತಗೀರಭಾಯಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಮೂರು ತಲೆಮಾರಿನಿಂದ ನಮ್ಮ ಮನೆಯ ಯಾವ ಕಾರ್ಯಕ್ಕೂ ಅವರದೇ ಭೋಂಗಾ. ಆ ದೊಡ್ಡ ಕಹಳೆ ಮಾಡಿನ ಮೇಲೆ ಏರದೆ ನಮ್ಮಲ್ಲಿ ಯಾರ ಮದುವೆಯೂ ಆಗಿಲ್ಲ. ಅವನು ಬಂದು ಸ್ಪೀಕರನ್ನು ಅಂಗೈ ಮೇಲಿಟ್ಟು, ತಿರುಗಿಸಿ ನೋಡಿ, ಬಹಳ ಮರ್ಯಾದೆಯಿಂದ ಕೇಳಿದ: "ರೈಟರ್‌ಸಾಹೇಬ್ರ, ಇದು ಚಾಲೂ ಹ್ಯಾಂಗ ಆಗ್ತೈತ್ರಿ?" ಫೋನಿನಿಂದ ಎಂದೆ. "ಫೋನು?" ವೈಫೈಯಿಂದ ಎಂದೆ. "ವೈಫೈ?" ಕರೆಂಟಿನಿಂದ ಎಂದೆ. ಅವನು ನಕ್ಕು, ಸ್ಪೀಕರನ್ನು ಕೂಸಿನ ಹಾಗೆ ಮೆಲ್ಲಗೆ ಕೆಳಗಿಟ್ಟು, "ಕರೆಂಟ್ ಇದ್ರ ನಂದೂ ಚಾಲೂ ಆಗ್ತೈತ್ರಿ" ಎಂದು ಹೊರಟುಹೋದ.

ಮಲ್ಲೂಗೆ ಅಂಗಡಿ ಬಿಟ್ಟು ಬರಲು ಬಿಡುವಿಲ್ಲ. ಆ್ಯಪು ನನ್ನ ಫೋನಿಗೆ ಬಂತು, ಕೆಲಸವೂ ಬಂತು. ಭಾಷೆ ಯಾವುದೆಂದು ಕೇಳಿತು. ದಿನವಿಡೀ ಮರಾಠಿ ಬರೆದು ಬರೆದು ಕೈ ಸೋತಿರುತ್ತದೆ. ಮನೆಯೊಳಗಾದರೂ ಕನ್ನಡ ಇರಲಿ ಎಂದು ಅದನ್ನೇ ಒತ್ತಿದೆ. ಆ್ಯಪಿನ ಕನ್ನಡವನ್ನು ಯಾರು ಬರೆದರೋ ನಾನು ಕಾಣೆ. ಸ್ಪೀಕರಿಗೆ ಅವರು ಹುಡುಕಿಟ್ಟ ಮಾತು ಭಾಷಣಕಾರ. "ನಿಮ್ಮ ಭಾಷಣಕಾರರನ್ನು ಹುಡುಕುತ್ತಿದ್ದೇವೆ" ಎಂದು ತೋರಿಸಿತು. ಒಂದು ಚಕ್ರ ಗರಗರ ತಿರುಗಿತು. "ಕ್ಷಮಿಸಿ, ಯಾವುದೇ ಭಾಷಣಕಾರ ಕಂಡುಬಂದಿಲ್ಲ." ನಮ್ಮ ತಾಲೂಕಿನಲ್ಲಿ ಭಾಷಣಕಾರರು ಸಿಗಲಿಲ್ಲ ಎಂದು ಹೇಳಿದವರು ಇತಿಹಾಸದಲ್ಲಿ ಇದೇ ಮೊದಲಿರಬೇಕು. ನಮ್ಮಲ್ಲಿ ಬೋರಿನ ಪಂಪು ಚಾಲೂ ಮಾಡಿದರೂ ಮೂರು ಜನ ಭಾಷಣ ಮಾಡುತ್ತಾರೆ. ಮತ್ತೊಮ್ಮೆ ಹುಡುಕಿದೆ. "ಭಾಷಣಕಾರರ ಹತ್ತಿರ ಹೋಗಿ ನಿಲ್ಲಿ" ಎಂದಿತು. ನಿಂತೆ. "ಭಾಷಣಕಾರರ ತಲೆಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ" ಎಂದಿತು. ಹಿಡಿದೆ. ಹೀಗೆ ಮಾಡಬೇಕೆಂದು ಎಷ್ಟೋ ಸಭೆಗಳಲ್ಲಿ ನನಗೆ ಅನಿಸಿದ್ದಿದೆ, ಅವಕಾಶ ಸಿಕ್ಕಿದ್ದು ಈಗ.

ಕೊನೆಗೂ ಸಿಕ್ಕವು. ಆಗ ಆ್ಯಪು ಒಂದೊಂದಕ್ಕೂ "ಹೆಸರಿಡಿ" ಎಂದು ಕೇಳಿತು. ಹೆಸರಿನ ವಿಷಯದಲ್ಲಿ ನಾನು ಬಹಳ ಬಿಗಿ. ಹೊಲದ ಪಹಣಿಯಾದ ಸಾತಬಾರಾ ಉತಾರೆಯಲ್ಲಿ ಮಲ್ಲಪ್ಪ, ಆಧಾರ ಕಾರ್ಡಿನಲ್ಲಿ ಮಲ್ಲೇಶಿ, ಸಾಲಿ ದಾಖಲೆಯಲ್ಲಿ ಮಲಕಾಪ್ಪಾ ಎಂದಿರುವ ಒಬ್ಬನೇ ಮನುಷ್ಯನನ್ನು ಒಬ್ಬನೇ ಎಂದು ಸಾಬೀತು ಮಾಡುವುದರಲ್ಲಿ ನನ್ನ ಅರ್ಧ ಆಯುಷ್ಯ ಹೋಗಿದೆ. ಆದ್ದರಿಂದ ಗೊಂದಲವಾಗದ ಹಾಗೆ ಪಡಸಾಲಿ, ಅಡಿಗಿಮನಿ, ತೊಟ್ಟಿಲಖೋಲಿ ಎಂದು ಹೆಸರಿಟ್ಟೆ. ಒಂದು ಜೋಗುಳದ ಪದ ಹಚ್ಚಿದೆ. ಪಡಸಾಲೆಯಲ್ಲಿ ಬಂತು, ಅಡುಗೆಮನೆಯಲ್ಲಿ ಬಂತು, ತೊಟ್ಟಿಲ ಖೋಲಿಯಲ್ಲಿ ಬರಲಿಲ್ಲ. ಅಲ್ಲಿ ಬರುವ ಹೊತ್ತಿಗೆ ಅಡುಗೆಮನೆಯಲ್ಲಿ ನಿಂತಿತ್ತು. ಅಷ್ಟರಲ್ಲಿ ಕರೆಂಟು ಹೋಗಿ ಬಂತು. ಮೂರೂ ಕಳೆದುಹೋದವು. ಮತ್ತೆ ತಲೆ ಒತ್ತಿದೆ, ಮತ್ತೆ ಸಿಕ್ಕವು, ಮತ್ತೆ "ಹೆಸರಿಡಿ" ಎಂದಿತು. ಪಡಸಾಲಿ ಎಂದು ಬರೆದರೆ, "ಈ ಹೆಸರು ಈಗಾಗಲೇ ಬಳಕೆಯಲ್ಲಿದೆ" ಎಂದಿತು! ಭಾಷಣಕಾರ ಎಲ್ಲಿದ್ದಾನೆ ಎಂಬುದು ಅದಕ್ಕೆ ಗೊತ್ತಿಲ್ಲ, ಅವನ ಹೆಸರನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಮಲ್ಲೂಗೆ ಫೋನು ಮಾಡಿದೆ. ಅವನು ಯಾರಿಗೋ ಕೆಮ್ಮಿನ ಔಷಧ ಕೊಡುತ್ತ, "ಅಣ್ಣಾ, ಒಮ್ಮಿ ಬಂದ್ ಮಾಡಿ ಚಾಲೂ ಮಾಡು. ಊಟ ಆದ ಮ್ಯಾಲ" ಎಂದ. ಊಟ ಆದ ಮೇಲೆ ಎಂದದ್ದು ಔಷಧಕ್ಕೋ ಸ್ಪೀಕರಿಗೋ ತಿಳಿಯದೆ, ನಾನು ಊಟ ಮಾಡಿಯೇ ಬಂದ್ ಮಾಡಿ ಚಾಲೂ ಮಾಡಿದೆ. ಉಪಯೋಗವಾಗಲಿಲ್ಲ.

ನಮ್ಮಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೋ ಅಷ್ಟು ಸಲ ನಾನು ಆ ಮೂವರಿಗೆ ಹೊಸ ಹೆಸರಿಟ್ಟೆ. ಪೂರ್ವ, ಪಶ್ಚಿಮ, ಉತ್ತರ ಖರ್ಚಾದವು. ಎತ್ತುಗಳ ಹೆಸರು ಖರ್ಚಾದವು. ಶನಿವಾರ ನಾನು ತಾಲೂಕಿನ ಹಳ್ಳಿಗಳಿಗೆ ಕೈ ಹಾಕಿದೆ. ಆಮೇಲೆ ನಮ್ಮ ಮನೆಯಲ್ಲಿ ಆಡುತ್ತಿದ್ದ ಮಾತು ಹೊರಗಿನವರು ಕೇಳಿದ್ದರೆ ಏನೆಂದುಕೊಳ್ಳುತ್ತಿದ್ದರೋ. "ರೀ, ಕುಣಿಕೋಣೂರ ಬಾಯಿ ಮುಚ್ಚಸ್ರಿ, ಕೂಸು ಮಲಗೇತಿ" ಎಂದು ನನ್ನ ಹೆಂಡತಿ ಸುವರ್ಣಾ ಒದರುವಳು. "ಡಫಳಾಪುರ ಚಲೋ ಐತಿ, ಕುಣಿಕೋಣೂರದ್ದ ಕಿರಿಕಿರಿ" ಎಂದು ನಾನು. ಒಂದೇ ಸಲ ಮೂರೂ ಹಾಡಿದ್ದನ್ನು ಈ ಕಿವಿಗಳು ಕೇಳಲೇ ಇಲ್ಲ. ಕೇಳಬೇಕೆಂಬ ಹಟ ಮಾತ್ರ ಏರುತ್ತ ಹೋಯಿತು. ನಿಜ ಹೇಳಬೇಕೆಂದರೆ ಆ ನಾಲ್ಕು ದಿನ ನನಗೆ ಮದುವೆ ಗಂಡಿನ ಉಮೇದು. ಕಚೇರಿಗೆ ರಜೆ ಹಾಕಿ, ಸ್ಟೂಲು ಹಿಡಿದು ಖೋಲಿಯಿಂದ ಖೋಲಿಗೆ ಓಡಾಡಿದೆ. ಸುವರ್ಣಾ ನೋಡಿ ನೋಡಿ, "ನಮ್ಮ ಮಗಳು ಹುಟ್ಟಿದಾಗ ಹೀಂಗ ಒಮ್ಮಿಯರ ಓಡ್ಯಾಡಿದ್ರೇನ್ರಿ?" ಎಂದಳು. ಓಡಾಡಿದ ನೆನಪಿಲ್ಲವಾದ್ದರಿಂದ ಆ ಬಗ್ಗೆ ಸಾಕ್ಷಿ ಹೇಳಲಾರೆ.

ಭಾನುವಾರ ಮಧ್ಯಾಹ್ನ ಕುಣಿಕೋಣೂರ ಮತ್ತು ಡಫಳಾಪುರ ಸರಿಯಾಗಿದ್ದವು, ವಳಸಂಗ ಮಾತ್ರ ಮೂಕ. ಅದನ್ನು ಪಟ್ಟಿಯಿಂದ ತೆಗೆದು ಮತ್ತೆ ಸೇರಿಸೋಣವೆಂದು ಒತ್ತಿದೆ. ನಾನು ಬಾಗಿಲಿಗೆ ಬೆನ್ನು ಮಾಡಿದ್ದೆ. ಸರಿಯಾಗಿ ಅದೇ ಹೊತ್ತಿಗೆ ಅಕ್ಕ ಚೀಲ ಹಿಡಿದು ಹೊಸ್ತಿಲ ಮೇಲೆ ಕಾಲಿಟ್ಟಳು. ಪಡಸಾಲೆಯ ಸ್ಪೀಕರು ಕಚೇರಿಯ ಸಾಹೇಬನ ಗತ್ತಿನಲ್ಲಿ ಸಾರಿತು: "ವಳಸಂಗವನ್ನು ಮನೆಯಿಂದ ತೆಗೆದುಹಾಕಲಾಗಿದೆ. ಧನ್ಯವಾದಗಳು."

ಅಕ್ಕ ಇಟ್ಟ ಕಾಲನ್ನು ಹಿಂದೆ ತೆಗೆದುಕೊಂಡಳು.

"ಅಕ್ಕಾ, ಬಾ, ಬಾ, ಒಳಗ ಬಾ" ಎಂದು ಓಡಿದೆ.

"ಬ್ಯಾಡ ಬಿಡಪಾ. ಬಾಗಲದಾಗ ಮಾತು ಕೇಳಿದ್ನಲ್ಲ."

"ಅದು ನಿನಗಲ್ಲ ಅಕ್ಕಾ, ಆ ಡಬ್ಬಿಗೆ. ಅದರ ಹೆಸರು ವಳಸಂಗ."

"ಡಬ್ಬಿಗೆ ನಮ್ಮೂರ ಹೆಸರ ಇಡಬೇಕೇನು? ನಿನ್ನ ಹೆಂಡ್ತಿ ತವರುಮನಿ ಹೆಸರು ಇಡಾಕ ಆಗಲಿಲ್ಲ?"

ಒಳಗಿನಿಂದ ಸುವರ್ಣಾ ಕೂಗಿದಳು, "ಅದನ್ನ ನಿನ್ನೆನ ಇಟ್ಟು ತಗದ ಒಗದಾರ್ರೀ ವೈನಿ!" ಅಕ್ಕನಿಗೆ ಅದರಿಂದ ಸ್ವಲ್ಪ ಸಮಾಧಾನವಾಯಿತು. ಒಳಗೆ ಬಂದು ನೀರು ಕುಡಿದಳು. ಕುಡಿದು ನನ್ನನ್ನು ಮೂಲೆಗೆ ಕರೆದು, "ಹೆಸರು?" ಎಂದಳು. ನಾನು ತುಟಿಯ ಮೇಲೆ ಬೆರಳಿಟ್ಟೆ. "ಬಟ್ಟಲಾ?" ಮುಂಜಾನೆ ಸಿಗುತ್ತದೆ ಎಂದೆ. ಆಕೆ ಹಗುರಾಗಿ ನಕ್ಕಳು. ಚಿಕ್ಕವಳಿದ್ದಾಗ ಗೆಜ್ಜೆ ಮುಚ್ಚಿಟ್ಟುಕೊಂಡು ಹೀಗೇ ನಗುತ್ತಿದ್ದಳು.

ಸೋಮವಾರ. ಮುಹೂರ್ತ ಹನ್ನೊಂದಕ್ಕೆ. ಹತ್ತು ಗಂಟೆಗೆ ಪಡಸಾಲೆ ತುಂಬ ಹೆಂಗಸರು, ಹೊರಗೆ ಶಾಮಿಯಾನದಲ್ಲಿ ಗಂಡಸರು. ತೊಟ್ಟಿಲಿಗೆ ಹೂವು ಕಟ್ಟಿಯಾಗಿತ್ತು. ಮೂರೂ ಸ್ಪೀಕರು ಜೀವಂತ ಇದ್ದವು, ನಾನು ಕಾಲು ಗಂಟೆಗೊಮ್ಮೆ ಫೋನಿನಲ್ಲಿ ನಾಡಿ ನೋಡುತ್ತಿದ್ದೆ. ಹತ್ತೂವರೆಗೆ ಕರೆಂಟು ಹೋಯಿತು. ಐದು ನಿಮಿಷದಲ್ಲಿ ಬಂತು. "ಯಾವುದೇ ಭಾಷಣಕಾರ ಕಂಡುಬಂದಿಲ್ಲ!"

ಅದೇ ಗಳಿಗೆಯಲ್ಲಿ ಕೊರೆಯುವವನು ಕಳಿಸಿದ ಬಟ್ಟಲು ಬಂತು. ಪೇಪರು ಬಿಚ್ಚಿದೆ. ಅವನು ದಿನಾಲು ಮರಾಠಿ ಅಕ್ಷರ ಕೊರೆಯುವವನು. ಕನ್ನಡದ ಒತ್ತಕ್ಷರ ಅವನಿಗೆ ಬಾಲ ಇದ್ದ ಹಾಗೆ ಕಾಣುತ್ತದೆ, ಬೇಡವೆಂದು ಕತ್ತರಿಸಿಬಿಡುತ್ತಾನೆ. ನಾನು ಚೀಟಿಯಲ್ಲಿ ಚೆನ್ನಾಗಿ ಬರೆದುಕೊಟ್ಟಿದ್ದರೂ ಭಯ. ಆದ್ದರಿಂದ ಬಟ್ಟಲನ್ನು ಕಣ್ಣಿಗೆ ಹತ್ತಿರ ಹಿಡಿದು ಒತ್ತು ಇದೆಯೋ ಇಲ್ಲವೋ ನೋಡುತ್ತ, ಇನ್ನೊಂದು ಕೈಯಿಂದ ಸ್ಪೀಕರುಗಳನ್ನು ಕೂಡಿಸುತ್ತ ನಿಂತೆ. ಮೊದಲನೆಯದಕ್ಕೆ ಹೆಸರು ಕೇಳಿತು. ಹಳ್ಳಿಗಳೂ ಮುಗಿದಿದ್ದವು. ಕಚೇರಿ ನೆನಪಾಗಿ, ಊರಿನ ಹೊಲದ ಲೆಕ್ಕ ಇಡುವ ತಲಾಠಿಯ ಹೆಸರಲ್ಲಿ ತಲಾಠಿ ಎಂದು ಬರೆದೆ. "ತಲಾಠಿ ಸಿಕ್ಕಿದೆ" ಎಂದು ಪಡಸಾಲೆಯಲ್ಲಿ ಸಾರಿತು. ಶಾಮಿಯಾನದಲ್ಲಿ ಕುಳಿತಿದ್ದ ಮಲ್ಲೂನ ಮಾವನವರು ಎದ್ದೇಬಿಟ್ಟರು. "ಎಲ್ಲಿ ಸಿಕ್ಕಾರ್ರಿ? ಮೂರು ತಿಂಗಳಾತು ನಾ ಹುಡಕಾಕತ್ತು!" ಎರಡನೆಯದಕ್ಕೆ, ತಲಾಠಿಯ ಮೇಲಿನ ಸಾಹೇಬ ನೆನಪಾಗಿ, ಸರ್ಕಲ್ ಎಂದು ಬರೆದೆ. "ಸರ್ಕಲ್ ಸಿಕ್ಕಿದೆ." ಅವರು ಚಪ್ಪಲಿ ಬಾಗಿಲಲ್ಲಿ ಬಿಟ್ಟು, "ಇಬ್ಬರೂ ಒಂದ ದಿನ ಸಿಕ್ಕಾರಂದ್ರ ಇದು ದೇವರ ಮನಿ" ಎಂದು ಒಳಗೆ ಬಂದರು. ಅವರನ್ನು ಕುಳ್ಳಿರಿಸುವಷ್ಟರಲ್ಲಿ ಮೂರನೆಯದು ಬಾಯಿ ತೆರೆಯಿತು. ಹನ್ನೊಂದಕ್ಕೆ ಹತ್ತು ನಿಮಿಷ. "ಹೆಸರಿಡಿ. ಉಳಿದ ಸಮಯ ಇಪ್ಪತ್ತು ಸೆಕೆಂಡು." ಚಕ್ರ ಸವೆಯತೊಡಗಿತು. ಹದಿನೈದು. ಹತ್ತು.

ನನ್ನ ಕಣ್ಣು ಬಟ್ಟಲಿನ ಮೇಲಿತ್ತು. ಒತ್ತಕ್ಷರ ಸರಿಯಾಗಿತ್ತು, ಅದರ ಸಂತೋಷದಲ್ಲಿದ್ದೆ. ಕಣ್ಣಿನೆದುರು ಇರುವ ಹೆಸರನ್ನು ಕಾಗದಕ್ಕೆ ಇಳಿಸುವುದು ಇಪ್ಪತ್ತೇಳು ವರ್ಷದಿಂದ ನನ್ನ ಕೈಯ ಕೆಲಸ. ಅದಕ್ಕೆ ನನ್ನ ತಲೆಯ ಅಪ್ಪಣೆ ಎಂದೂ ಬೇಕಾಗಿಲ್ಲ. ಕೈ ತನ್ನ ಕೆಲಸ ಮಾಡಿತು. ಒತ್ತು ಸಮೇತ, ಒಂದು ತಪ್ಪೂ ಇಲ್ಲದೆ ಮಾಡಿತು.

ಟುಂಯ್!

ನಾಲ್ಕು ದಿನ ಒಟ್ಟಿಗೆ ಬಾಯಿ ಬಿಡದ ಮೂವರೂ ಭಾಷಣಕಾರರು ಪಡಸಾಲೆಯಲ್ಲಿ, ಅಡುಗೆಮನೆಯಲ್ಲಿ, ತೊಟ್ಟಿಲ ಖೋಲಿಯಲ್ಲಿ ಒಂದೇ ಕ್ಷಣದಲ್ಲಿ, ಒಂದೇ ದನಿಯಲ್ಲಿ, ಭೋಂಗಾವನ್ನೂ ನಾಚಿಸುವ ಸ್ಪಷ್ಟತೆಯಲ್ಲಿ ಹೇಳಿದರು: "ಅಭಿನಂದನೆಗಳು! ನಿಮ್ಮ ಹೊಸ ಭಾಷಣಕಾರ ಚನ್ನವೀರ. ಚನ್ನವೀರ ಅನ್ನು ಆನಂದಿಸಿ!"

ಇಲ್ಲಿ ನಾನು ಒಂದು ಕಾಯದೆಯ ಮಾತು ಎತ್ತುತ್ತೇನೆ. ತಲಾಠಿ, ಸರ್ಕಲ್ ಕೇಳಿದ ಮಂದಿ ಚನ್ನವೀರನನ್ನೂ ಹಾಗೇ ಯಾರೋ ಸಾಹೇಬನೆಂದು ಬಿಟ್ಟುಬಿಡುತ್ತಿದ್ದರು. ಅದು ಕೂಸಿನ ಹೆಸರೆಂದು ತಿಳಿಯಲು ಯಾರಿಗೂ ಯಾವ ಆಧಾರವೂ ಇರಲಿಲ್ಲ. ಆಧಾರ ಕೊಟ್ಟವಳು ಪಾರ್ವತಕ್ಕ. "ಅಯ್ಯಯ್ಯೋ! ಹೇಳೇಬಿಟ್ಟೆಲ್ಲೋ ಮನಿಹಾಳಾ!" ಎಂದು ತೊಟ್ಟಿಲ ಖೋಲಿಯಿಂದ ಚೀರಿಕೊಂಡು ಬಂದಳು. ಒಬ್ಬೊಬ್ಬರ ಮುಖದಲ್ಲೂ ಹೆಸರು ಇಳಿಯುವುದು ನನಗೆ ಕಾಣಿಸಿತು. ಚನ್ನವೀರ, ಚನ್ನವೀರ ಎಂದು ಪಿಸುಮಾತು ಅಡುಗೆಮನೆಯವರೆಗೆ ಹೋಯಿತು. ಅಕ್ಕ ನನ್ನ ಕೈಯಲ್ಲಿದ್ದ ಬಟ್ಟಲು ನೋಡಿದಳು, ಫೋನು ನೋಡಿದಳು, ಆಮೇಲೆ ನೆಲ ನೋಡಿದಳು. ಸೆರಗಿನ ತುದಿ ಕಣ್ಣಿಗೆ ಹೋಯಿತು. "ಆಯ್ತಲ್ಲ," ಎಂದಳು ಸಣ್ಣ ದನಿಯಲ್ಲಿ, "ಮೂರನೇದೂ ಆಯ್ತು. ಡಬ್ಬೇ ಸೋದರತ್ತಿ ಆತು." ನಾನು ಬಟ್ಟಲನ್ನು ಬೆನ್ನ ಹಿಂದೆ ಮುಚ್ಚಿ, ಗೋಡೆಗೆ ಇನ್ನಷ್ಟು ಒತ್ತಿಕೊಂಡೆ.

ಆಗ ಎದ್ದವಳು ದಸ್ತಗೀರಭಾಯಿಯ ಹೆಂಡತಿ ಹಸೀನಕ್ಕ. ಮೈಕ್ ಸೆಟ್ಟಿನ ಮನೆಯವಳು, ದನಿಗೆ ಯಾವ ಯಂತ್ರದ ಹಂಗೂ ಇಲ್ಲ. "ಏ ಪಾರ್ವತಕ್ಕಾ, ಅಳತೀ ಯಾಕ? ಊರಿಗೆ ಕೇಳೂವಂಗ ಒದರೂದು ಡಂಗುರಾ. ಕಿವ್ಯಾಗ ಹೇಳೂದು ಹೆಸರು. ನಲವತ್ತು ವರ್ಷ ಭೋಂಗಾದ ಮನ್ಯಾಗ ಬಾಳೇವು ಮಾಡೀನಿ, ನನಗ ಗೊತ್ತಿಲ್ಲೇನು? ನಮ್ಮ ಭೋಂಗಾ ಎಷ್ಟು ಮಂದಿ ಹೆಸರು ಒದರೇತಿ, ಒಂದ ಕೂಸಿಗರ ಹೆಸರು ಇಟ್ಟೈತೇನು? ನೋಡಬಾ, ನಿನ್ನ ಅಳಿಯ ಗೊರಕಿ ಹೊಡ್ಯಾಕತ್ತಾನ. ಅವನ ಕಿವಿಗೆ ಇನ್ನೂ ಏನೂ ಬಿದ್ದಿಲ್ಲ."

ಎಲ್ಲರೂ ತೊಟ್ಟಿಲ ಕಡೆ ಹಣಿಕಿದರು. ಹೌದು, ಕೂಸು ಬಾಯಿ ತೆರೆದು ಮಲಗಿತ್ತು. ಅಕ್ಕ ಸೆರಗು ಕೆಳಗಿಳಿಸಿದಳು. ಗುಂಪಿನಿಂದ ಯಾರೋ, "ಖರೇ ಐತಿ ನೋಡು" ಎಂದರು. ನನಗೆ ಹೋದ ಜೀವ ಅರ್ಧ ಬಂತು. ಅರ್ಧವೇ ಬಂದದ್ದು, ಏಕೆಂದರೆ ಹಸೀನಕ್ಕ ಇನ್ನೂ ಕುಳಿತಿರಲಿಲ್ಲ.

"ಆದ್ರ ಒಂದೈತಿ" ಎಂದಳು. "ಹೆಸರು ಹೇಳಿದವ್ರ ಬೆನ್ನಿಗೆ ಗುದ್ದೂದು ನಿಮ್ಮ ಪದ್ಧತಿ ಹೌದಲ್ಲ? ಇಲ್ಲೆ ಮೊದಲ ಹೇಳಿದವ್ರು ಯಾರು?"

ಸೋದರತ್ತೆ ಕಿವಿಯಲ್ಲಿ ಹೆಸರು ಉಸುರುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಮುಷ್ಟಿಯಿಂದ ಗುದ್ದುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಪ್ರೀತಿಯ ಗುದ್ದು ಎಂದು ಹೇಳುತ್ತಾರೆ. ಗಂಡಸರಿಗೆ ಅದರ ಅನುಭವವಿಲ್ಲದ ಕಾರಣ ನಾವೂ ನಂಬಿದ್ದೆವು. "ನಾ ಬಾಯಿ ಬಿಟ್ಟಿಲ್ಲ! ಬರದೀನಿ ಅಷ್ಟ!" ಎಂದು ನಾನು ಕೂಗಿದೆ. "ಬರದವ್ರ ಬೆನ್ನ ತಗೀರಿ!" ಎಂದಳು ಸುವರ್ಣಾ, ನನ್ನ ಧರ್ಮಪತ್ನಿ. ನನ್ನನ್ನು ಗೋಡೆಯಿಂದ ಬಿಡಿಸಿ ತಿರುಗಿಸಿದವಳು ಅವಳೇ. ಮೊದಲ ಗುದ್ದು ಅಕ್ಕನದು. ಇಪ್ಪತ್ತೊಂದು ವರ್ಷದ ಹಿಂದಿನ ಬಸ್ಸು, ಮುರಿದ ಕಾಲು, ಹಿಂದಿನ ದಿನದ ವಳಸಂಗ ಎಲ್ಲವೂ ಆ ಒಂದು ಗುದ್ದಿನಲ್ಲಿ ಬೇರೆ ಬೇರೆಯಾಗಿ ಗೊತ್ತಾದವು. ಆಮೇಲೆ ಹಸೀನಕ್ಕ, ಆಮೇಲೆ ಸುವರ್ಣಾ ಎರಡು, ಆಮೇಲೆ ರೊಟ್ಟಿ ಬಡಿಯುತ್ತಿದ್ದವರು ಹಿಟ್ಟಿನ ಕೈಯಲ್ಲೇ ಎದ್ದು ಬಂದರು. ಲೆಕ್ಕ ಇಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹೊರಗೆ ಶಾಮಿಯಾನದಲ್ಲಿ ದಸ್ತಗೀರಭಾಯಿ, "ವಾಯರ್ ಇಲ್ಲದ ಸೆಟ್ಟಿಗೆ ಅರ್ಥಿಂಗ್ ಇರೂದಿಲ್ರಿ ಸಾಹೇಬ್ರ, ಶಾಕ್ ಮಾಲಕರಿಗೇ" ಎಂದದ್ದು ಮಾತ್ರ ಕಿವಿಗೆ ಬಿತ್ತು.

ಮಂದಿ ನಕ್ಕು ನಕ್ಕು ಸುಸ್ತಾದ ಮೇಲೆ ಕಾರ್ಯ ನಡೆಯಿತು. ಹನ್ನೊಂದಕ್ಕೆ ಸರಿಯಾಗಿ ಅಕ್ಕ ತೊಟ್ಟಿಲಿಗೆ ಬಗ್ಗಿದಳು. "ಕುರ್ರ್" ಎಂದಳು. ಹೆಂಗಸರು ತೊಟ್ಟಿಲ ಪದ ಎತ್ತಿದರು. ಆ್ಯಪನ್ನು ಕೇಳುವವರು ಯಾರೂ ಇರಲಿಲ್ಲ. ಅಕ್ಕ ಕೂಸಿನ ಕಿವಿಗೆ ಬಾಯಿ ಹಚ್ಚಿ ಹೆಸರು ಉಸುರಿದಳು. ನಾಲ್ಕು ಅಕ್ಷರದ ಹೆಸರು. ಆದರೆ ಆಕೆ ಏಳಲಿಲ್ಲ. ಪದದ ಎರಡು ನುಡಿ ಮುಗಿದವು, ಮೂರನೆಯದು ಆರಂಭವಾಯಿತು, ಆಕೆ ಇನ್ನೂ ಬಗ್ಗಿ ಏನೋ ಹೇಳುತ್ತಲೇ ಇದ್ದಳು. ಎದ್ದಾಗ ಮುಖ ಅರಳಿತ್ತು.

"ಅಷ್ಟೊತ್ತು ಏನ ಹೇಳಿದ್ರಿ ವೈನಿ?" ಎಂದು ಸುವರ್ಣಾ ಕೇಳಿದಳು.

"ಹೆಸರು ಹೇಳಿದ್ನಿ" ಎಂದಳು ಅಕ್ಕ. "ಮತ್ತ, ದೊಡ್ಡಾಂವ ಆದ ಮ್ಯಾಲ ಏನರೆ ಗುಟ್ಟಿದ್ರ ನಿಮ್ಮ ದೊಡ್ಡಪ್ಪನ ಮುಂದ ಮಾತ್ರ ಹೇಳಬ್ಯಾಡ ಅಂತ ಹೇಳೀನಿ. ಎರಡು ಸಲ ಹೇಳೀನಿ, ಪಕ್ಕಾ ಆಗಲಿ ಅಂತ."

ಕೂಸು ಆಗ ಕಣ್ಣು ತೆರೆದು ನಕ್ಕಿತು. ಇಷ್ಟು ಸಣ್ಣ ಕೂಸುಗಳು ನಗುವುದು ಹೊಟ್ಟೆಯ ವಾಯುವಿನಿಂದ ಎಂದು ಮಲ್ಲೂ ನನಗೆ ಸಮಾಧಾನ ಹೇಳಿದ. ಔಷಧದ ಅಂಗಡಿಯವನು, ಅವನಿಗೆ ಗೊತ್ತಿರಬಹುದು. ನಾನು ಕಂಡದ್ದನ್ನಷ್ಟೇ ಹೇಳಬಲ್ಲೆ: ತೊಟ್ಟಿಲ ಸುತ್ತ ಹದಿನಾಲ್ಕು ಜನ ನಿಂತಿದ್ದರು, ಅದು ನನ್ನ ಮುಖವನ್ನೇ ನೋಡಿ ನಕ್ಕಿತು.